ಮುಖ ಕೊಟ್ಟು ಮಾತಾಡುವ ಮನೆ

ಒಬ್ಬ ಶ್ರೀಮಂತನ ಕಥೆ ಹೇಳುತ್ತೇನೆ ಎಂದ ಕೂಡಲೇ ನಿಮ್ಮಲ್ಲಿ ಕೆಲವರು ಅವನನ್ನು ಆಗಲೇ ಕೆಟ್ಟವನನ್ನಾಗಿ ಮಾಡಿಬಿಟ್ಟಿರುತ್ತೀರಿ. ಸ್ವಲ್ಪ ತಡೆಯಿರಿ. ಈ ಶ್ರೀಮಂತ ಕೆಟ್ಟವನಲ್ಲ. ಬ್ಯಾಡಗಿ ಕಡೆಯ ಒಂದು ಊರಿನಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತಿದ್ದವನು, ಹೆಸರು ಮುರಿಗೆಪ್ಪ. ಆಡಿದ ಮಾತಿಗೆ ತಪ್ಪದವನು, ಅಂಗಡಿಗೆ ಬಂದವರನ್ನು ಚಹಾ ಕುಡಿಸದೆ ಕಳಿಸದವನು. ಅವನಿಗೆ ಒಬ್ಬಳೇ ಮಗಳು, ದಾಕ್ಷಾಯಣಿ. ಮನೆಯವರ ಬಾಯಲ್ಲಿ ದಾಕ್ಷಿ. ತೊಟ್ಟಿಲಲ್ಲಿದ್ದಾಗ ಬಂದ ಜ್ವರ ಬಿಟ್ಟು ಹೋಗುವಾಗ ಮಗುವಿನ ಕಿವಿಯನ್ನೂ ತೆಗೆದುಕೊಂಡು ಹೋಯಿತು. ಕಿವಿ ಕೇಳದ ಮಗುವಿಗೆ ಮಾತು ಎಲ್ಲಿಂದ ಬರಬೇಕು ಹೇಳಿ.

ಮುರಿಗೆಪ್ಪ ಮಗಳನ್ನು ಹೊತ್ತುಕೊಂಡು ಅಲೆಯದ ಆಸ್ಪತ್ರೆ ಇರಲಿಲ್ಲ. ಆಗುವುದಿಲ್ಲ ಎಂದು ಎಲ್ಲರೂ ಹೇಳಿದ ಮೇಲೆ ಧಾರವಾಡದಲ್ಲಿ ಕಿವುಡ ಮಕ್ಕಳ ಶಾಲೆಗೆ ಸೇರಿಸಿದ. ಅಲ್ಲಿ ಮಗಳು ಕೈಸನ್ನೆಯ ಭಾಷೆ ಕಲಿತಳು. ರಜೆಗೆ ಬಂದಾಗ ತಾಯಿ ಶಾಂತವ್ವ ಅಡುಗೆಮನೆಯಲ್ಲಿ ಅವಳನ್ನು ಎದುರಿಗೆ ಕೂರಿಸಿಕೊಂಡು, ಹಿಟ್ಟು ಮೆತ್ತಿದ ಕೈಯಲ್ಲೇ ಆ ಭಾಷೆ ಕಲಿತಳು. ತಂದೆ ಕಲಿತನೇ? ಇಲ್ಲ. ಅವನಿಗೆ ಪುರಸೊತ್ತಿರಲಿಲ್ಲ. ಪುರಸೊತ್ತಿನ ಮಾತೂ ಅಲ್ಲ ನೋಡಿ, ಅಗತ್ಯವೇ ಬೀಳಲಿಲ್ಲ. ಹೆಂಡತಿ ಇದ್ದಳಲ್ಲ. ‘ಆಕಿಗೆ ಕೇಳು, ಜ್ವಾಳದ ರೊಟ್ಟಿ ಬೇಕೇನಂತ.’ ‘ಆಕಿಗೆ ಹೇಳು, ಹೊಸಾ ಸೀರಿ ತಂದೇನಿ ಅಂತ.’ ಹೀಗೆ ನಡೆಯುತ್ತಿತ್ತು. ಮಗಳ ಮೇಲೆ ಪ್ರೀತಿ ಇರಲಿಲ್ಲವೇ? ಇತ್ತು. ಪ್ರಾಣವನ್ನೇ ಇಟ್ಟುಕೊಂಡಿದ್ದ. ಮಾತು ಮಾತ್ರ ಹೆಂಡತಿಯ ಕೈಯಿಂದ ಹಾಯ್ದು ಹೋಗುತ್ತಿತ್ತು.

ದಾಕ್ಷಿ ದೊಡ್ಡವಳಾದಳು, ಓದು ಮುಗಿಸಿ ಊರಿಗೆ ಬಂದಳು. ಕೆಲಕಾಲದ ಮೇಲೆ ತಾನು ಕಲಿತ ಶಾಲೆಯಿಂದಲೇ ಕರೆ ಬಂತು, ಚಿಕ್ಕ ಮಕ್ಕಳಿಗೆ ಕಲಿಸಲು ಬಾ ಎಂದು. ಹೋಗುತ್ತೇನೆ ಎಂದು ತಾಯಿಗೆ ಹೇಳಿದಳು. ತಾಯಿ ಗಂಡನಿಗೆ ಹೇಳಿದಳು. ಮುರಿಗೆಪ್ಪ ಊಟದ ತಟ್ಟೆಯನ್ನು ಬದಿಗೆ ಸರಿಸಿದ. ಆಮೇಲೆ, “ಆಕಿಗೆ ಹೇಳು, ಹೊಸಾ ಮನಿ ಕಟ್ಟಸ್ತೀನಿ ಅಂತ. ಆಕಿಗೆ ಹ್ಯಾಂಗ ಬೇಕೋ ಹಂಗ,” ಎಂದ. ಮನೆ ಚೆನ್ನಾಗಿದ್ದರೆ ಮಗಳು ಉಳಿಯುತ್ತಾಳೆ ಎಂಬುದು ಅವನ ಲೆಕ್ಕ. ಅವನ ಜಾಗದಲ್ಲಿ ನಾವಿದ್ದರೂ ಹಾಗೆಯೇ ಅಂದುಕೊಳ್ಳುತ್ತಿದ್ದೆವು. ದಾಕ್ಷಿ ಮಾತ್ರ, ಮನೆ ಮುಗಿದ ಮೇಲೆ ಬರುತ್ತೇನೆ ಎಂದು ಶಾಲೆಗೆ ಬರೆದಳು.

ಹುಬ್ಬಳ್ಳಿಯಲ್ಲಿ ಮನೆಗಳ ನಕ್ಷೆ ಮಾಡಿಕೊಡುವ ಒಂದು ಸಂಸ್ಥೆ ಇತ್ತು. ಯಾವ ಮನೆ ಮುಗಿಯಿತು, ಯಾವುದಕ್ಕೆ ಪಾಯ ಹಾಕಿದರು, ಯಾವ ಮನೆಗೆ ಬಹುಮಾನ ಬಂತು ಎಂದೆಲ್ಲ ಅವರು ಮೊಬೈಲಿನಲ್ಲಿ ಸುದ್ದಿ ಹಾಕುತ್ತಿದ್ದರು. ಮುರಿಗೆಪ್ಪ ಅಂಗಡಿಯಲ್ಲಿ ಕುಳಿತು ಆ ಫೋಟೋಗಳನ್ನು ಹಿಂದೆ ಮುಂದೆ ಸರಿಸಿ ನೋಡುತ್ತಿದ್ದ. ಅವರನ್ನೇ ಕರೆಸಿದ. ಬಂದವಳು ನಿವೇದಿತಾ ಎಂಬ ಆರ್ಕಿಟೆಕ್ಟ್. ಮುರಿಗೆಪ್ಪ ತೇಗದ ಬಾಗಿಲು, ಎತ್ತರದ ಹಾಲ್, ರಸ್ತೆಗೆ ಕಾಣುವ ಕಂಬ ಎಂದೆಲ್ಲ ಹೇಳಿದ. ಆಕೆ ಎಲ್ಲವನ್ನೂ ಕೇಳಿಸಿಕೊಂಡಳು. ಬಳಿಕ ದಿನವಿಡೀ ಹಳೆಯ ಮನೆಯಲ್ಲೇ ಉಳಿದು, ದಾಕ್ಷಿ ಎಲ್ಲಿ ಕೂರುತ್ತಾಳೆ, ಹೇಗೆ ಓಡಾಡುತ್ತಾಳೆ ಎಂದು ನೋಡಿದಳು. ದಾಕ್ಷಿಯ ಜೊತೆ ಕಾಗದದ ಮೇಲೆ ಗೆರೆ ಎಳೆದು ತೋರಿಸುತ್ತಾ, ನಗುತ್ತಾ, ಬಹಳ ಹೊತ್ತು ಮಾತಾಡಿದಳು.

ನಕ್ಷೆ ತಂದ ದಿನ ಆಕೆ ಹೇಳಿದಳು, “ಸಾವ್ಕಾರ್ರ, ಅಡಗಿಮನಿಗೂ ಹಾಲಿಗೂ ನಡುವ ಗ್ವಾಡಿ ಬ್ಯಾಡ್ರಿ.”

“ಯಾಕ್ರಿ ಮೇಡಂ? ಬಂದವ್ರಿಗೆ ಒಳಗಿನ ಪಾತ್ರೆ ಪಗಡ ಎಲ್ಲಾ ಕಾಣಂಗಿಲ್ಲೇನ್ರಿ?”

“ಕಾಣ್ಲಿ ಬಿಡ್ರಿ. ಅವ್ವ ಒಳಗಿಂದ ಕೈ ಮಾಡಿದ್ರ ಮಗಳಿಗೆ ಕಾಣಬೇಕಲ್ರಿ. ನಡುವ ಗ್ವಾಡಿ ಬಂದ್ರ ಅವ್ವನ ಮಾತು ಅಲ್ಲೇ ನಿಂತುಬಿಡತೈತಿ.”

ಮುರಿಗೆಪ್ಪ ನಕ್ಷೆಯನ್ನು ಆಕೆಯ ಕಡೆಗೇ ಸರಿಸಿ, “ಮಗಳ ಸಲುವಾಗಿ ಅಂದ್ರ ತಗೀರಿ. ಇನ್ನೊಂದು ತಗೀಬೇಕಂದ್ರ ಅದನ್ನೂ ತಗೀರಿ,” ಎಂದ.

ಹಾಗೆ ಎದ್ದಿತು ಆ ಮನೆ. ಬಾಗಿಲ ಗಂಟೆ ಒತ್ತಿದರೆ ಎಲ್ಲ ಕೋಣೆಗಳಲ್ಲೂ ಒಂದು ದೀಪ ಮಿನುಗುತ್ತಿತ್ತು. ದಾಕ್ಷಿಯ ಕೋಣೆಗೆ ಹಲಗೆಯ ನೆಲ, ಹಿಂದಿನಿಂದ ಯಾರಾದರೂ ಬಂದರೆ ಹೆಜ್ಜೆ ಅವಳ ಪಾದಕ್ಕೆ ತಿಳಿಯಲಿ ಎಂದು. ಊಟಕ್ಕೆ ದುಂಡನೆಯ ಮೇಜು, ಯಾರೂ ಯಾರಿಗೂ ಮರೆಯಾಗಬಾರದೆಂದು. ಮಾತಾಡುವವರ ಮುಖದ ಮೇಲೆ ಬೆಳಕು ಬೀಳುವ ಹಾಗೆ ಕಿಟಕಿಗಳು. ಗೃಹಪ್ರವೇಶಕ್ಕೆ ಊರೇ ಬಂತು. ಹೋಳಿಗೆ ಉಂಡವರೆಲ್ಲ ಮನೆಯನ್ನು ಹೊಗಳಿದರು. ಮುರಿಗೆಪ್ಪ ಮಾತ್ರ ಯಾರ ಮಾತಿಗೂ ಕಿವಿಗೊಡದೆ ಮಗಳನ್ನೇ ದೂರದಿಂದ ನೋಡುತ್ತಿದ್ದ. ಇನ್ನು ಹೋಗಲಾರಳು ಎಂದು ಅವನ ಮನಸ್ಸು ಹೇಳುತ್ತಿತ್ತು.

ಆ ವಾರ ಕಳೆಯುವ ಮೊದಲೇ, ಒಂದು ಮುಂಜಾನೆ, ದಾಕ್ಷಿಯ ಚೀಲ ಬಾಗಿಲ ಹತ್ತಿರ ಬಂದು ಕುಳಿತಿತ್ತು. ದಾಕ್ಷಿ ಮೇಜಿನ ಮುಂದೆ ಅವಲಕ್ಕಿ ತಿನ್ನುತ್ತಿದ್ದಳು. ಮುರಿಗೆಪ್ಪ ಚೀಲ ನೋಡಿದ, ಮಗಳನ್ನು ನೋಡಿದ, ಹೆಂಡತಿಯ ಕಡೆ ತಿರುಗಿದ.

“ಈ ಮನ್ಯಾಗ ಏನ್ ಕಡಿಮಿ ಆಗೇತಿ ಅಂತ ಆಕಿಗೆ ಕೇಳು.”

ಶಾಂತವ್ವ ಎಂದೂ ಗಂಡನ ಮಾತಿಗೆ ಎದುರಾಡಿದವಳಲ್ಲ. ಅವತ್ತು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು, “ನಾ ಕೇಳೂದಿಲ್ರಿ. ಮಗಳು ನಿಮ್ಮ ಮುಂದ ಕುಂತಾಳ. ನೀವ ಕೇಳ್ರಿ,” ಎಂದಳು.

“ನನಗ ಬರೂದಿಲ್ಲಲ್ಲ.”

“ಬರೂದಿಲ್ಲ ಅಲ್ರಿ. ನೀವು ಕಲೀಲಿಲ್ಲ.”

ದಾಕ್ಷಿ ಇಬ್ಬರ ತುಟಿಗಳನ್ನೂ ನೋಡುತ್ತಿದ್ದಳು. ಏನು ನಡೆಯುತ್ತಿದೆ ಎಂದು ಅವಳಿಗೆ ತಿಳಿಯಿತು. ಕೈ ಒರೆಸಿಕೊಂಡು ತಾಯಿಗೆ ಸನ್ನೆ ಮಾಡಿದಳು. ಮೆಲ್ಲನೆ, ಸಿಟ್ಟಿಲ್ಲದೆ. ಅಪ್ಪನಿಗೆ ಹೇಳು ಎಂಬಂತೆ ತಲೆಯಾಡಿಸಿದಳು. ಶಾಂತವ್ವ ಗಂಡನ ಕಡೆ ತಿರುಗಿದಳು.

“ಮನಿ ಛಲೋ ಐತಿ ಅಂತಾಳ್ರಿ. ಎಲ್ಲಿ ಕುಂತ್ರೂ ಎಲ್ಲಾರ ಮುಖ ಕಾಣ್ತಾವಂತ. ಅಪ್ಪ ಮಾತ್ರ ಇಲ್ಲೂ ಬಾಜೂಕ ಕಾಣ್ತಾನ, ಒಂದ ಕೆನ್ನಿ ಅಷ್ಟ ಕಾಣ್ತೈತಿ ಅಂತಾಳ. ‘ನನಗ ಏನರ ಹೇಳೂದಿದ್ರ ಅಪ್ಪ ಅವ್ವನ್ನ ನೋಡ್ತಾನ. ಸಣ್ಣಾಕಿದ್ದಾಗಿಂದ ನಾ ಅಪ್ಪನ್ನ ಬಾಜೂಕಿಂದ ನೋಡೇನಿ’ ಅಂತ.”

ನೋಡಿ, ಮುರಿಗೆಪ್ಪ ಗೋಡೆ ಬಿಡಿಸಿದ್ದ, ಬೆಳಕು ತರಿಸಿದ್ದ, ಹಲಗೆಯ ನೆಲ ಹಾಕಿಸಿದ್ದ. ತನ್ನ ಕತ್ತನ್ನು ಮಾತ್ರ ಮಗಳ ಕಡೆ ಇಷ್ಟೂ ತಿರುಗಿಸಿರಲಿಲ್ಲ. ಕುರ್ಚಿ ಎಳೆದುಕೊಂಡು ಮಗಳ ಎದುರಿಗೆ ಕುಳಿತ. ಅವಳ ಹುಬ್ಬು ತನ್ನ ತಾಯಿಯ ಹುಬ್ಬಿನಂತೆಯೇ ಇದೆ ಎಂದು ಅವನಿಗೆ ಅವತ್ತು ಕಂಡಿತು. “ಹೋಗಬ್ಯಾಡ ಯವ್ವಾ,” ಎಂದ. ಧ್ವನಿ ಹೊರಡಲಿಲ್ಲ, ತುಟಿ ಅಲುಗಿತು ಅಷ್ಟೇ. ಆದರೆ ದಾಕ್ಷಿಗೆ ಅಷ್ಟೇ ಸಾಕಲ್ಲವೇ?

ಅವಳು ಎದ್ದು ಬಂದು ಅಪ್ಪನ ಕೈ ಹಿಡಿದಳು. ಅಂಗೈ ಬಿಡಿಸಿ ಬಾಗಿಲ ಕಡೆಗೆ ಮೆಲ್ಲಗೆ ಸರಿಸಿದಳು. ಮತ್ತೆ ಅದೇ ಕೈಯನ್ನು ತಿರುಗಿಸಿ ಅವನ ಎದೆಗೆ ತಂದು ಇಟ್ಟಳು. ಏನಿದು? ಅಭ್ಯಾಸಬಲದಿಂದ ಮುರಿಗೆಪ್ಪ ಹೆಂಡತಿಯ ಕಡೆ ತಿರುಗುವವನಿದ್ದ. ಅರ್ಧಕ್ಕೇ ತಡೆದುಕೊಂಡು ಮಗಳನ್ನೇ ನೋಡಿದ. ಅವಳು ಮತ್ತೊಮ್ಮೆ ತೋರಿಸಿದಳು. ಕೈ ಹೊರಗೆ, ಕೈ ಒಳಗೆ.

“ಹೋಗಿ ಬಾ,” ಎಂದ ಮುರಿಗೆಪ್ಪ. “ಹೋಗಿ ಬಾ ಅಂತ ಹೌದಿಲ್ಲೋ?”

ಹಿಂದೆ ನಿಂತಿದ್ದ ಶಾಂತವ್ವ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಹೋಗಬೇಡ ಎನ್ನಲು ಬಂದ ತಂದೆಗೆ ಮಗಳು ಕಲಿಸಿದ ಮೊದಲ ಮಾತು ಅದು. ನಮ್ಮಲ್ಲಿ ಬರಿಯ ‘ಹೋಗು’ ಎಂದು ಯಾರಾದರೂ ಮಕ್ಕಳನ್ನು ಕಳಿಸುತ್ತಾರೆಯೇ? ಮುರಿಗೆಪ್ಪ ತಾನಾಗಿ ಕೈ ಎತ್ತಿದ. ತಪ್ಪಾಯಿತು. ದಾಕ್ಷಿ ನಗುತ್ತಾ ಬೆರಳು ಸರಿಪಡಿಸಿದಳು. ಮತ್ತೆ ಮಾಡಿದ. ಈ ಸಲ ಮಾತು ಸರಿಯಾಗಿತ್ತು. ಮಗಳ ಚೀಲವನ್ನು ಅವನೇ ಬಸ್ ನಿಲ್ದಾಣದವರೆಗೆ ಹೊತ್ತ.

ದಾಕ್ಷಿ ಧಾರವಾಡಕ್ಕೆ ಹೋದಳು. ಶನಿವಾರ ಬಂದಳು. ಮುಂದಿನ ಶನಿವಾರವೂ ಬಂದಳು. ಮನೆ ನೋಡಲು ಬಂದಳೆಂದು ತಿಳಿಯಬೇಡಿ, ಮನೆಯಲ್ಲಿ ಈಗ ಮಾತಾಡಲು ಅಪ್ಪನೂ ಇದ್ದ. ಅವನ ಸನ್ನೆಯಲ್ಲಿ ‘ಮಳೆ’ ಎಂಬುದು ‘ಮೆಣಸಿನಕಾಯಿ’ ಆಗುತ್ತಿತ್ತು, ‘ಮದುವೆ’ ಎನ್ನಲು ಹೋಗಿ ಇನ್ನೇನನ್ನೋ ಹೇಳಿದರೆ ತಾಯಿ ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಲಿತ. ವಯಸ್ಸಾದ ನಾಲಗೆಗಿಂತ ವಯಸ್ಸಾದ ಕೈ ಬೇಗ ಕಲಿಯುತ್ತದೆಯೋ ಏನೋ, ಕಲಿತುಬಿಟ್ಟ. ನಿವೇದಿತಾ ಫೋಟೋ ತೆಗೆದುಕೊಂಡು ಹೋಗಿ ಮನೆಯ ಸುದ್ದಿ ಹಾಕಿದಳು. ನಮಗೂ ಅಂಥ ಮೇಜು ಬೇಕು, ಅಂಥ ಕಿಟಕಿ ಬೇಕು ಎಂದು ಎಷ್ಟೋ ಜನ ಕೇಳಿದರಂತೆ.

ಈಗ ನಿಮ್ಮನ್ನು ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಎಲ್ಲರ ಕಿವಿಯೂ ನೆಟ್ಟಗಿದೆ, ಸಂತೋಷ. ಆದರೆ ಸೊಸೆ ಅಡುಗೆಮನೆಯಿಂದ ಏನೋ ಹೇಳಿದಾಗ ನೀವು ಟಿವಿಯ ಕಡೆ ಮುಖ ಮಾಡಿಕೊಂಡೇ ಹೂಂ ಎನ್ನುತ್ತೀರಲ್ಲ? ಮಗ ಶಾಲೆಯಲ್ಲಿ ನಡೆದದ್ದನ್ನು ಹೇಳುವಾಗ ನಿಮ್ಮ ಕಣ್ಣು ಮೊಬೈಲಿನಲ್ಲಿ ಇರುತ್ತದಲ್ಲ? ತಮ್ಮನ ಮೇಲೆ ಮುನಿಸು ಬಂದರೆ ‘ಅವನಿಗೆ ಹೇಳು’ ಎಂದು ತಾಯಿಯ ಮೂಲಕ ಮಾತು ಕಳಿಸುತ್ತೀರಲ್ಲ? ಅವರೆಲ್ಲ ನಿಮ್ಮನ್ನು ಬಾಜೂಕಿನಿಂದ ನೋಡುತ್ತಾ ಎಷ್ಟು ವರ್ಷವಾಯಿತು?

ಮನೆ ದೊಡ್ಡದು ಮಾಡಿರಿ, ಬೇಡ ಎನ್ನುವುದಿಲ್ಲ. ಮೇಜು ದುಂಡಗಿರಲಿ, ಚೌಕವಾಗಿರಲಿ, ನೆಲದ ಮೇಲೆ ಚಾಪೆಯೇ ಇರಲಿ. ಇವತ್ತು ಇಲ್ಲಿಂದ ಎದ್ದು ಹೋದಾಗ ನಿಮಗೆ ಬಾಗಿಲು ತೆಗೆಯುವವರು ಒಬ್ಬರು ಇರುತ್ತಾರೆ. ಚಪ್ಪಲಿ ಬಿಡುತ್ತಾ ಬಗ್ಗಿಕೊಂಡೇ ಮಾತಾಡಬೇಡಿ. ನೆಟ್ಟಗೆ ನಿಲ್ಲಿ. ಅವರ ಮುಖ ನೋಡಿ. ‘ಊಟ ಆತೇನು?’ ಎಂದು ನೀವೇ ಕೇಳಿ, ಅವರು ಉತ್ತರ ಹೇಳಿ ಮುಗಿಸುವವರೆಗೂ ನೋಡುತ್ತಲೇ ಇರಿ. ಮಾಡಿದೆವು ಎಂದು ನಾಳೆ ಬಂದು ನನಗೆ ಹೇಳುವುದು ಬೇಡ. ಅವರಿಗೆ ಗೊತ್ತಾದರೆ ಸಾಕು.