ಮರಳ ದಾರಿಯ ಹೊಸ ಮಾತು

...ಅಲ್ಲಪ್ಪಾ, ಯಾಕೆ ನಗ್ತೀರಿ? ನಾನು ನಿಜವಾಗ್ಲೂ ಕೇಳ್ತಿದ್ದೀನಿ. ಬೆಳಿಗ್ಗೆ ಲಾಂಚ್ ಇಳಿದಾಗ ನನ್ನ ಚೀಲ ಜೀಪಿಗೆ ಹಾಕ್ತಾ ನೀವೇ ಹೇಳಿದ್ರಿ, ಇನ್ನೂ ಮದುವೆ ಆಗಿಲ್ಲಮ್ಮ, ಹುಡುಗಿ ಒಪ್ತಿಲ್ಲ ಅಂತ. ಈಗ ನೋಡಿದ್ರೆ, 'ಈ ದೀಪಸ್ತಂಭಕ್ಕೂ ನಮ್ಮತ್ತೆಗೂ ಒಂದೇ ಕೆಲಸ ಸ್ವಾಮೀ, ಹೊತ್ತು ಮುಳುಗಿದ ಮೇಲೆ ಕಣ್ಣು ತಿರುಗಿಸ್ತಾನೇ ಇರೋದು... ಯಾರು ಮನೆಗೆ ಬಂದ್ರು, ಯಾರು ಬರ್ಲಿಲ್ಲ' ಅಂತೀರಿ. ಮದುವೆನೇ ಆಗದವರಿಗೆ ಅತ್ತೆ ಎಲ್ಲಿಂದ ಬಂದ್ರು? ಬಾಡಿಗೆಗೆ ತಂದ್ರಾ?

ಹಾಂ... ಕಲಿತ ಮಾತು. ಹೋಗ್ಲಿ ಬಿಡಿ, ಯಾರ ಹತ್ರ ಕಲಿತರೇನು, ಚೆನ್ನಾಗಿದೆ. ಇನ್ನೊಂದ್ಸಲ ಹೇಳ್ತೀರಾ? ಇಲ್ಲ ಇಲ್ಲ, ಅಷ್ಟು ಅವಸರ ಬೇಡ. 'ತಿರುಗಿಸ್ತಾನೇ ಇರೋದು' ಆದ್ಮೇಲೆ ಒಂದು ಉಸಿರು ನಿಲ್ಲಿಸಿದ್ರಲ್ಲ ಆಗ, ಹಾಗೇ ನಿಲ್ಲಿಸಿ ಹೇಳಿ... ಹಾಂ. ಹಾಗೆ. ಹಾಗೇ.

ಏನಿಲ್ಲ, ಕಣ್ಣಿಗೆ ಗಾಳಿ ಹೊಡೀತು. ಕಾಣದ ಕಣ್ಣಿಗೂ ನೀರು ಬರುತ್ತೆ ತಮ್ಮಾ, ಅದಕ್ಕೇನೂ ಕಮ್ಮಿ ಇಲ್ಲ. ಹೊರಡೋಣವಾ?

ನಿಮ್ಮ ಟಿಕೆಟ್ ಕೌಂಟರಿನ ಹುಡುಗಿ ನಕ್ಕುಬಿಟ್ಟಳು ನೋಡಿ. ಕಣ್ಣು ಕಾಣದ ಹೆಂಗಸು, ಒಬ್ಬಳೇ, ಇಡೀ ದಿನಕ್ಕೆ ಒಂದು ಜೀಪು ಮಾಡ್ಕೊಂಡು ದ್ವೀಪ ನೋಡೋಕೆ ಬಂದಿದ್ದಾಳೆ ಅಂತ. ನಕ್ಕಿದ್ದು ತಪ್ಪಲ್ಲ, ನನಗೂ ನಗು ಬಂತು. ನಾನು ಆಸ್ಪತ್ರೇಲಿ ಫೋನ್ ಬೋರ್ಡ್ ಮುಂದೆ ಕೂರೋಳು. ಬೆಳಗಿಂದ ಸಂಜೆವರೆಗೂ ಬರೀ ದನಿ. ಹಲೋ ಅಂದ ತಕ್ಷಣ ಗೊತ್ತಾಗುತ್ತೆ, ಇವರ ಮನೇಲಿ ಮಗು ಹುಟ್ಟಿದ್ಯೋ, ಯಾರಾದ್ರೂ ಹೋಗಿದ್ದಾರೋ. ಏನೂ ಮಾತಾಡದೆ ಸುಮ್ಮನೆ ಫೋನ್ ಹಿಡ್ಕೊಂಡಿರ್ತಾರಲ್ಲ, ಅದೂ ಗೊತ್ತಾಗುತ್ತೆ. ಸುಮ್ಮನಿರೋದರಲ್ಲೂ ಒಬ್ಬೊಬ್ಬರದು ಒಂದೊಂದು ಥರ.

ನಮ್ಮನೆಯವರಾ? ಇದ್ದಾರಪ್ಪಾ, ಮನೇಲಿ. ಅವರಿಗೆ ಸಮುದ್ರ ಅಂದ್ರೆ ಆಗಲ್ಲ. ನೀನು ಹೋಗಿ ಬಾ ಅಂದ್ರು.

ಇದು ಕರಿಕಲ್ಲಿನ ತೀರ, ಅಲ್ವಾ? ಅಲೆ ವಾಪಸ್ ಹೋಗುವಾಗ ಕಲ್ಲೆಲ್ಲ ಗಲಗಲ ಅಂತಿದೆ. ತಾಳಿ, ನೀವೇನು ಹೇಳ್ತೀರಿ ಅಂತ ನಾನು ಹೇಳ್ತೀನಿ. 'ಒಂದು ಕಲ್ಲೂ ಜೇಬಿಗೆ ಹಾಕ್ಕೋಬೇಡಿ ಅಮ್ಮಾವ್ರೇ, ದಿನಾ ಸಂಜೆ ಎಣಿಸೋನು ನಾನೇ.' ಸರಿನಾ? ಹಹ್ಹಾ! ಯಾಕೆ ಬ್ರೇಕ್ ಹಾಕಿದ್ರಿ? ನಮ್ಮ ಆಸ್ಪತ್ರೆ ನರ್ಸ್ ಒಬ್ಬಳು ಬಂದಿದ್ದಳು ಇಲ್ಲಿಗೆ, ಅವಳು ಹೇಳಿದ್ದು. ನಿಮ್ಮ ಮಾತು ಊರೆಲ್ಲ ಸುತ್ತುತ್ತೆ ತಮ್ಮಾ, ನಿಮಗೇ ಗೊತ್ತಿಲ್ಲ.

ಊಟ ಆಯ್ತಲ್ಲ, ಇನ್ನೇನು ಉಳಿದಿರೋದು? ಗುಹೆ ಆಯ್ತು, ಮೀನು ಮಾರುಕಟ್ಟೆ ಆಯ್ತು. ಮರಳ ದಾರಿ ಬಾಕಿ ಇದೆ... ಯಾಕೆ, ಮುಚ್ಚಿದ್ದಾರಾ? ಕೌಂಟರಿನ ಹುಡುಗಿ ಏನೂ ಹೇಳ್ಲಿಲ್ಲ. ನೀರು ತಿರುಗಿ ಏರೋ ಹೊತ್ತಾ? ಇನ್ನೂ ತಿರುಗಿಲ್ಲ ತಾನೆ? ನಾಲ್ಕು ಹೆಜ್ಜೆ ನಡೆದು ಬರೋಣ. ಇಷ್ಟು ದೂರ ಬಂದು ಅದನ್ನೇ ಬಿಟ್ಟು ಹೋದ್ರೆ ಹೇಗೆ? ನೀರು ಇಳಿದಾಗ ಸಮುದ್ರದ ಮಧ್ಯೆ ದಾರಿ ಏಳುತ್ತಂತೆ, ಆಚೆ ತುದೀಲಿ ಕಲ್ಲುಬಂಡೆ ಇದೆಯಂತೆ... ಅದೂ ನರ್ಸ್ ಹೇಳಿದ್ದೇ. ದಯವಿಟ್ಟು. ನಿಮ್ಮ ಅಕ್ಕ ಕೇಳಿದ್ರೆ ಇಲ್ಲ ಅಂತಿದ್ರಾ?

ಒಳ್ಳೇದಾಗ್ಲಿ ನಿಮಗೆ.

ಇಳಿದೆ. ಚಪ್ಪಲಿ ಜೀಪಲ್ಲೇ ಇರ್ಲಿ. ಮೊಣಕೈ ಕೊಡಿ, ಕೈ ಬೇಡ, ಮೊಣಕೈ ಹಿಡ್ಕೊಂಡ್ರೆ ನೀವು ತಿರುಗೋದು ನನಗೆ ಮೊದಲೇ ತಿಳಿಯುತ್ತೆ. ಹಾಂ, ನಡೀರಿ. ಅಬ್ಬಾ... ಎಷ್ಟು ಗಟ್ಟಿ ಇದೆ ಮರಳು. ಎರಡು ಕಡೆನೂ ನೀರಿನ ಸದ್ದು. ಎಡಗಡೆ ಒಂಚೂರು ಜೋರು, ಬಲಗಡೆ ಮೆತ್ತಗೆ. ಇಂಥಾ ಜಾಗದಲ್ಲಿ ನಿಂತ್ಕೊಂಡು ನೀವು ಏನು ಹೇಳ್ತೀರಿ ಗಿರಾಕಿಗಳಿಗೆ? ಏನೂ ಇಲ್ವಾ? ಎಲ್ಲ ಜಾಗಕ್ಕೂ ಒಂದೊಂದು ಮಾತು ಇಟ್ಟಿದ್ದೀರಿ, ಇಲ್ಲಿಗೆ ಮಾತ್ರ ಇಲ್ಲ ಅಂದ್ರೆ ನಾನು ನಂಬಲ್ಲ. ಹೇಳಿ. ಕಾಣದವಳಿಗೆ ಕಾಣೋ ಹಾಗೆ ಹೇಳಿ.

...

ಏನಂದ್ರಿ?

ಇಲ್ಲ, ಕೇಳಿಸ್ತು. ನೆಟ್ಟಗೇ ಕೇಳಿಸ್ತು. 'ನೀರು ತಿರುಗಿದಾಗ ನೋಡ್ಬೇಕು... ಇಬ್ಬರು ಎರಡು ತುದಿ ಹಿಡ್ಕೊಂಡು ಚಾದರ ಮಡಿಸ್ತಾರಲ್ಲ, ಹಾಗೆ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು ಬಂದು ಮಧ್ಯದಲ್ಲಿ ಸೇರುತ್ತೆ.' ಇದೇ ತಾನೆ ಅಂದಿದ್ದು?

ಒಂದು ನಿಮಿಷ. ಒಂದೇ ನಿಮಿಷ ಕೂರ್ತೀನಿ ಇಲ್ಲೇ. ಸೀರೆ ಒದ್ದೆಯಾದ್ರೆ ಆಗ್ಲಿ. ತಲೆ ಸುತ್ತಲ್ಲ... ಸುಮ್ಮನೆ. ಮೊಣಕೈ ಬಿಡಲ್ಲ ನಾನು, ನೀವೂ ಸ್ವಲ್ಪ ಬಗ್ಗಿ.

ಆ ಮಾತು ಯಾರು ಹೇಳಿಕೊಟ್ರು ನಿಮಗೆ?

ನೀವೇ ಕಟ್ಟಿದ್ದಾ? ಬೇಡ ತಮ್ಮಾ. ಸುಳ್ಳು ಹೇಳುವಾಗ ನಿಮ್ಮ ದನಿ ಸಣ್ಣಗಾಗುತ್ತೆ. ಬೆಳಗಿಂದ ಕೇಳ್ತಿದ್ದೀನಿ. ಮೊದಲು ನಾನು ಹೇಳಿದ ಸುಳ್ಳು ಹೇಳಿಬಿಡ್ತೀನಿ, ಆಮೇಲೆ ನಿಮ್ಮದು ಕೇಳ್ತೀನಿ. ಯಾವ ನರ್ಸೂ ಇಲ್ಲಿಗೆ ಬಂದಿಲ್ಲ. ಮನೇಲಿ ನಮ್ಮನೆಯವರೂ ಇಲ್ಲ.

ಈ ಜೀಪು ಮೊದಲು ಯಾರದಾಗಿತ್ತು?

ಹೂಂ. ಅವರೇ. ನಾನು ಅವರ ಹೆಂಡತಿ.

ಗೊತ್ತಿರಲಿಲ್ಲ ನಿಮಗೆ, ಬಿಡಿ. ಕೆಲಸದ ಜಾಗದಲ್ಲಿ ನನ್ನ ವಿಷಯ ಎತ್ತುತ್ತಿರಲಿಲ್ಲ ಅವರು. ಹೆಂಡತಿಗೆ ಕಣ್ಣಿಲ್ಲ ಅಂದ್ರೆ ಎಲ್ಲರೂ ಅಯ್ಯೋ ಪಾಪ ಅಂತಾರೆ, ಅದನ್ನ ಅವರು ಸಹಿಸ್ತಿರಲಿಲ್ಲ. ನನ್ನ ಕೆಲಸ ಆಚೆ ದಡದ ಊರಲ್ಲಿ, ಅವರದ್ದು ಇಲ್ಲಿ. ವಾರಕ್ಕೊಂದು ಸಲ ಮನೆಗೆ ಬರೋರು. ಬಂದ ತಕ್ಷಣ ಅಡುಗೆಮನೆ ಬಾಗಿಲಲ್ಲಿ ನಿಂತು ಶುರು. 'ಅಮ್ಮಾವ್ರೇ, ನಿಮ್ಮ ಬಲಗಡೆ ನೋಡಿ!' ನನ್ನ ಬಲಗಡೆ ಇರೋದು ನೀರಿನ ಡ್ರಮ್ಮು. ನಿನಗೆ ಕಾಣಿಸಿದ್ರೆ ಸಾಕು ಕಣೇ, ಕಣ್ಣಿರೋರಿಗೆ ತಾನಾಗೇ ಕಾಣಿಸುತ್ತೆ ಅನ್ನೋರು. ನಿಮ್ಮ ದೀಪಸ್ತಂಭ, ನಿಮ್ಮ ಗುಹೆ, ನಿಮ್ಮ ಕರಿಕಲ್ಲು, ಎಲ್ಲ ನಮ್ಮ ಅಡುಗೆಮನೇಲಿ ಕಟ್ಟಿದ್ದು. ಆ ಅತ್ತೆ ನಮ್ಮಮ್ಮ. ನಮ್ಮಮ್ಮ ಇದ್ದಾಗಲೂ ಎದುರಿಗೇ ಹೇಳೋರು, ಅವಳೂ ನಗೋಳು.

ನಿಮ್ಮ ಬಗ್ಗೆ ಮಾತ್ರ ತುಂಬಾ ಹೇಳ್ತಿದ್ರು. ಗಿಣಿ. ಹಾಗೇ ಕರೀತಿದ್ದಿದ್ದು ಅಲ್ವಾ ನಿಮ್ಮನ್ನ? 'ನಮ್ಮ ಗಿಣಿ ಇದಾನಲ್ಲ, ಒಂದ್ಸಲ ಕಿವಿಗೆ ಬಿದ್ರೆ ಸಾಕು, ನಾನೆಲ್ಲಿ ಉಸಿರು ತಗೋತೀನೋ ಅಲ್ಲೇ ತಗೋತಾನೆ. ನಾನು ಸತ್ರೂ ನನ್ನ ಟೂರು ನಿಲ್ಲಲ್ಲ.'

ನೋಡಿ, ಹೆದರ್ಬೇಡಿ. ನಾನು ಬಂದಿದ್ದು ನಿಮ್ಮನ್ನ ಹಿಡಿಯೋಕಲ್ಲ. ನಿಜ ಹೇಳ್ತೀನಿ, ನನಗೆ ಏನೂ ಅನುಮಾನ ಇರಲಿಲ್ಲ. ಮೂರು ವರ್ಷದಿಂದ ಮನೇಲಿ ಯಾರೂ 'ಬಲಗಡೆ ನೋಡಿ' ಅಂದಿಲ್ಲ. ಅವರ ಮುಖ ನಾನು ನೋಡಿದವಳಲ್ಲ, ನೆನಪಿಸ್ಕೊಳ್ಳೋಕೆ ನನಗೆ ಇದ್ದಿದ್ದೇ ದನಿ. ಅದೂ ಮರೀತಾ ಬಂತು. ಒಂದು ದಿನ ಬೆಳಿಗ್ಗೆ ಎದ್ದು ನೆನಪು ಮಾಡ್ಕೊಂಡ್ರೆ ಬರ್ಲೇ ಇಲ್ಲ. ಹೆದರಿಬಿಟ್ಟೆ. ಆಗ ನೀವು ನೆನಪಾದ್ರಿ. ಗಿಣಿ ಇನ್ನೂ ಅದೇ ಟೂರು ಮಾಡ್ತಾನಂತೆ ಅಂತ ಗೊತ್ತಾಯ್ತು. ಒಂದು ದಿನ ಕೂತು ಕೇಳ್ಕೊಂಡು ಬರೋಣ, ಯಾರು ಅಂತ ಹೇಳೋದೇ ಬೇಡ, ಹೇಳಿದ್ರೆ ಪಾಪ ಆ ಹುಡುಗ ಮುಜುಗರದಲ್ಲಿ ಬಾಯಿ ಬಿಡಲ್ಲ ಅಂತ... ಅಷ್ಟಕ್ಕೇ ಬಂದೆ. ಬೆಳಗಿಂದ ಎಷ್ಟು ಖುಷಿಯಾಗಿದ್ದೆ ಗೊತ್ತಾ? ಅವರ ಪಕ್ಕದಲ್ಲೇ ಕೂತ ಹಾಗಿತ್ತು.

ಈಗ ಚಾದರದ ಮಾತು.

ಈ ಜಾಗಕ್ಕೆ ಅವರ ಹತ್ರ ಮಾತೇ ಇರಲಿಲ್ಲ. ಇಲ್ಲಿಗೆ ಬಂದ್ರೆ ಫೋಟೋ ತೆಗೀರಿ ಅಂತ ಹೇಳಿ ಸುಮ್ಮನಾಗ್ತೀನಿ ಕಣೇ ಅಂತ ಪೇಚಾಡೋರು. ಕೊನೇ ಸಲ ಮನೆಗೆ ಬಂದಿದ್ರಲ್ಲ, ಆ ಸಂಜೆ ಒಣಗಿದ ಬಟ್ಟೆ ತಂದು ಹಾಕಿದ್ದೆ. ಚಾದರದ ಒಂದು ತುದಿ ಅವರು, ಒಂದು ತುದಿ ನಾನು. ಮಡಿಸ್ತಾ ಮಡಿಸ್ತಾ ಹತ್ತಿರ ಬಂದು ಕೈಗೆ ಕೈ ತಾಗಿತು. ನಾನೇ ಅಂದೆ, ನಿಮ್ಮ ಮರಳ ದಾರಿಗೆ ನೀರು ಸೇರೋದು ಹೀಗೇ ಏನ್ರೀ ಅಂತ. ಅವರು ಎಷ್ಟು ಹೊತ್ತು ನಕ್ಕರು! ಸಿಕ್ತು ಕಣೇ, ನಾಳೆನೇ ಹೇಳ್ತೀನಿ ಅಂದ್ರು. ಬೆಳಿಗ್ಗೆ ಮೊದಲನೇ ಲಾಂಚಿಗೆ ಹೋದ್ರು. ಸಂಜೆ ಫೋನ್ ಬಂತು. ನನ್ನ ಬೋರ್ಡಿಗೇ ಬಂತು. ನಾನೇ ಎತ್ತಿದೆ.

ಅದು ನನ್ನ ಮಾತು ತಮ್ಮಾ. ಅದನ್ನ ಕೇಳಿದವರು ಅವರೊಬ್ಬರೇ. ಅವರು ಹೇಳೋಕೆ ಸಿಕ್ಕಿದ್ದು ಆ ಒಂದು ಹಗಲು ಮಾತ್ರ.

ಏನು... ಗಿರಾಕಿಗಳು ಯಾರೋ ಹೇಳಿದ್ರಾ? ಅವತ್ತು ಗಿರಾಕಿ ಇರಲಿಲ್ಲ. ಪೊಲೀಸರಿಗೆ ಹಾಗೆ ಹೇಳಿದ್ದು ನೀವೇ. 'ಬುಕಿಂಗ್ ಇರಲಿಲ್ಲ, ನಾನು ಜ್ವರ ಬಂದು ರೂಮಲ್ಲಿ ಮಲಗಿದ್ದೆ, ಅಣ್ಣ ಮರಳ ದಾರಿ ನೋಡ್ಕೊಂಡು ಬರ್ತೀನಿ ಅಂತ ಒಬ್ಬರೇ ಹೋಗಿದ್ರು.' ಜ್ವರ ಇನ್ನೂ ಬಿಟ್ಟಿಲ್ಲ ಅಂತ ಮಣ್ಣಿಗೂ ಬರ್ಲಿಲ್ಲ ನೀವು. ಪಾಪ ಅಂದ್ಕೊಂಡೆ ನಾನು. ಒಬ್ಬರೇ ಇದ್ರು ಅನ್ನೋದನ್ನ ನಂಬ್ಕೊಂಡೇ ಬದುಕಿದೆ. ನೀರು ಏರುವಾಗ ಕಾಲು ಬಂಡೆ ಸಂದೀಲಿ ಸಿಕ್ಕಿಹಾಕ್ಕೊಂಡಿತ್ತಂತೆ. ಆಸ್ಪತ್ರೆ ಡಾಕ್ಟರ್ ಹೇಳಿದ್ರು, ಪಕ್ಕದಲ್ಲಿ ಒಬ್ಬ ಮನುಷ್ಯ ಇದ್ದಿದ್ರೆ ಎಳೆದು ಬಿಡಿಸಬಹುದಿತ್ತು ಅಂತ. ಒಬ್ಬ ಮನುಷ್ಯ ಇರಲಿಲ್ವಲ್ಲ ಅಂತ ಅತ್ತೆ. ದೇವರನ್ನ ಬೈದೆ.

ಇದ್ದೆ ಅಲ್ವಾ ನೀನು.

ಹೊಸ ಮಾತು ನಿನಗೆ ಹೇಳೋಕೆ ಕರ್ಕೊಂಡು ಬಂದಿದ್ರು. ಗಿರಾಕಿಗೆ ಹೇಳೋ ಮೊದಲು ಗಿಣಿಗೆ.

...

ಮಾತಾಡು. ಇಲ್ಲ ಅನ್ನು. ಇಲ್ಲಮ್ಮ, ಜ್ವರ ಇತ್ತು ಅನ್ನು, ನಾನು ನಂಬೋಕೆ ನೋಡ್ತೀನಿ.

...

ಅವರು ಕರೆದ್ರಾ?

...

ಕರೆದ್ರು. ಸರಿ.

ನೀರು ಬಂತು. ಪಾದಕ್ಕೆ ತಾಗ್ತಿದೆ, ಎರಡು ಕಡೆಯಿಂದಾನೂ. ಏಳ್ತೀನಿ, ಎತ್ತು ನನ್ನ. ಎತ್ತು ಅಂದೆ... ಬೇಡ ಬಿಡು, ನಾನೇ ಏಳ್ತೀನಿ. ನಡಿ, ಜೀಪಿಗೆ ಹೋಗೋಣ. ದಡದಲ್ಲಿ ಕೂತು ಮಾತಾಡೋಣ. ನಡಿಯೋ.

ಯಾಕೆ ನಿಂತೆ?

ನಿನ್ನನ್ನೇ ಕೇಳ್ತಿರೋದು. ಇಷ್ಟು ಹೊತ್ತು ಎಳೆದ್ರೂ ಬರ್ತಿಲ್ಲ, ಕೈ ಕಲ್ಲಾಗಿದೆ. ಉಸಿರಾದ್ರೂ ಆಡು. ನೀರು ಮಂಡಿ ದಾಟ್ತಿದೆ, ನಿನಗೆ ಕಣ್ಣಿದೆ, ಕಾಣ್ತಿಲ್ವಾ?

ಓ...

ಹೀಗೇನಾ ನಿಂತಿದ್ದು ಅವತ್ತೂ? ಬಿಟ್ಟು ಓಡಿಹೋದೆ ಅಂದ್ಕೊಂಡೆ ನಾನು. ಓಡಿಲ್ಲ ನೀನು. ಇಷ್ಟೇ ದೂರದಲ್ಲಿ, ಹೀಗೇ ಕಾಲು ಕೀಳಲಾಗದೆ... ಅವರು ಕರೀತಾನೇ ಇದ್ರು, ನೀನು ನೋಡ್ತಾನೇ ಇದ್ದೆ.

ಅಳು, ಪರವಾಗಿಲ್ಲ. ಅಳ್ತಾ ನಡಿ.

ನನಗೆ ಸಿಟ್ಟು ಬಂದಿಲ್ಲ ಅಂದ್ಕೋಬೇಡ. ಎದೆ ಉರೀತಿದೆ. ಈ ಕೈ ಬಿಟ್ಟು ನಾನು ವಾಪಸ್ ಹೋಗಬಲ್ಲೆ. ಅಲೆ ಜೋರಿರೋ ಕಡೆ ಬಲಕ್ಕಿಟ್ಕೊಂಡು ನಡೆದ್ರೆ ದಡ, ಅಷ್ಟು ನನಗೂ ಗೊತ್ತು. ನೀನು ಇಲ್ಲೇ ನಿಂತಿರ್ತೀಯ. ಒಬ್ಬನೇ ಇದ್ದ ಅಂತ ನಾನೂ ಹೇಳಬಹುದು ನಾಳೆ, ಪೊಲೀಸರಿಗೆ. ಕಣ್ಣು ಕಾಣದವಳನ್ನ ಯಾರು ಕೇಳ್ತಾರೆ?

ಆದ್ರೆ ಬಿಡಲ್ಲ. ಕೇಳಿಸ್ತಾ? ಬಿಡಲ್ಲ ನಿನ್ನ. ಆ ನೀರಲ್ಲಿ ನಿಂತು ಅವರು ಕರೆದಿದ್ದು, ಬೈದಿದ್ದು, ಕೊನೆಗೆ ಏನಂದ್ರೋ ಅದು, ಎಲ್ಲ ನಿನ್ನ ಬಾಯಲ್ಲೇ ಇದೆ. ಎಲ್ಲಿ ಉಸಿರು ತಗೊಂಡ್ರೋ ಅದೂ ಸಮೇತ. ಜಗತ್ತಲ್ಲಿ ಇನ್ಯಾರ ಹತ್ರಾನೂ ಇಲ್ಲ. ಅದನ್ನ ನಾನು ಕೇಳೋವರೆಗೂ ನೀನು ಮುಳುಗೋ ಹಾಗಿಲ್ಲ.

ಕಾಲು ಎತ್ತು.