ಗಂಡ ಉಂಡ ತಾಟು

ಇಚಲಕರಂಜಿಯಲ್ಲಿ ಕೊಲ್ಹಾಪುರದ ಬಸ್ಸಿಗೆ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಅದೇ ಊರಿನ ಶಹಾಪುರ ಭಾಗದ ಇಬ್ಬರು ಹೆಂಗಸರು. ಇಬ್ಬರ ಕೂದಲಲ್ಲೂ ಮಗ್ಗದ ಹತ್ತಿಯ ಎಳೆ ಅಂಟಿತ್ತು. ಕಿರಿಯಳ ಕೈಯಲ್ಲಿ ಬುತ್ತಿ ಇತ್ತು. ಮೊದಲು ಮಾತೆತ್ತಿದವಳು ಹಿರಿಯಳು.

"ಕೊಲ್ಹಾಪುರ ದವಾಖಾನ್ಯಾಗ ಸಿದ್ರಾಮ ಹ್ಯಾಂಗದಾನ, ದುಂಡವ್ವಾ?"

"ಮೈಯಾಗ ಶಕ್ತಿ ಬಂದ್ರ ಆಪರೇಶನ್ ಅಂತಾರ ಡಾಕ್ಟರ. ಇಲ್ಲಂದ್ರ ಕೈ ಬಿಟ್ಟಾಂಗ."

"ಅವನ ಪಗಾರ ನಿಂತು ಒಲಿ ಆರೇತಿ ಅಂತ ಓಣ್ಯಾವ್ರು ಪಾಳಿ ಹಚ್ಚಿ ಬುತ್ತಿ ಒಯ್ಯಾಕತ್ತೇವಲ್ಲ?"

"ಅದು ಅವನ ಹೊಟ್ಟಿಗೆಲ್ಲಿ ಹೋಗತೈತ್ರಿ, ಹಾಲಕ್ಕಾ? ಹೆಂಡ್ತಿಗೆ ಸಾಲೂದಿಲ್ಲಂತ ಒಂದ ರೊಟ್ಟಿ ಉಂಡು, ಹಸಿವಿಲ್ಲಂತ ತಾಟ ಸರಸ್ತಾನ. ಯಮುನಾಬಾಯಿ ಅದ ತಾಟಿನ್ಯಾಗ ಉಣ್ತಾಳ."

"ಆಕಿಗೆ ಬ್ಯಾರೆ ತಾಟ ಕೊಡಬೇಕಿಲ್ಲೋ?"

"ಕೊಟ್ಟೆ. ಅದನ್ನೂ ಅವನ ತಾಟಿಗೆ ಸುರುವಿದಳು. ಗಂಡ ಉಂಡ ತಾಟ ಬೇಕಂತ ಮಹಾರಾಣಿಗೆ!"

"ಹೊಟ್ಟಿ ಉರಿತೈತೇನವಾ?"

"ಉರಿಯೂದಿಲ್ಲೇನ್ರಿ? ನಮ್ಮವರು ಮೆಣಸಿನಕಾಯಿ ತೊಟ್ಟಷ್ಟ ಬಿಡ್ತಾರ."

"ಇವತ್ತ ಮತ್ತ ಏನ್ ಮಾಡ್ತಿ?"

"ಆಕಿನ್ನ ಹೊರಗ ಕರದು ಮೊದಲ ಉಣಸ್ತೇನಿ. ಆಕಿ ಹೊಟ್ಟಿ ತುಂಬೇತಿ ಅಂತ ಗೊತ್ತಾದ್ರ ಅವ ಪೂರಾ ಉಣ್ತಾನ. ಗಂಡನಕಿಂತ ಮೊದಲ ಉಣಸಿದಿ ಅಂತ ಆಕಿ ಬೈದ್ರ ಬೈಲಿ."

ಬಸ್ಸು ಬಂತು. ಸಾಲು ಒಮ್ಮೆಲೇ ಚದುರಿತು. ಕಳಿಸಲು ಬಂದಿದ್ದ ಹಾಲಕ್ಕ ಹಿಂದಿನಿಂದ ಕೂಗಿದಳು.

"ನೀ ಉಂಡೇನ?"

ದುಂಡವ್ವ ಬುತ್ತಿಯನ್ನು ಎದೆಗೊತ್ತಿಕೊಂಡು ಮೆಟ್ಟಿಲೇರಿದಳು.

"ಇಲ್ರಿ. ನಂದೂ ನಮ್ಮವರ ತಾಟಿನ್ಯಾಗ ಇಟ್ಟು ಮುಚ್ಚಿ ಬಂದೇನಿ. ಎಷ್ಟ ಉಳಸಿರ್ತಾರ, ತಿರಗಿ ಬಂದು ನೋಡ್ತೇನಿ."