ರಾಕ್ಷಸರ ನೆನಪಿನ ಪುಸ್ತಕ

ವೇದಿಕೆಯ ಮೇಲಿರುವ ಅಧ್ಯಕ್ಷರಾದ ಖುನ್ ಅದಿರೇಕ್ ಅವರೇ, ಮುಖ್ಯ ಅತಿಥಿಗಳೇ, ಆಟ ಕಟ್ಟುವವರೇ, ಆಡುವವರೇ, ಆಡಿ ಮನೆಯಲ್ಲಿ ಬೈಸಿಕೊಳ್ಳುವವರೇ, ಸಮಸ್ತ ಸಭಿಕರೇ,

ಫಲಕವನ್ನು ನಾನು ಒಂದೇ ಕೈಯಲ್ಲಿ ತೆಗೆದುಕೊಂಡದ್ದನ್ನು ನೀವೆಲ್ಲ ನೋಡಿದಿರಿ. ಅದು ಅಹಂಕಾರವಲ್ಲ. ನನ್ನ ಎಡಗೈ ಪೂರ್ತಿ ತಿರುಗುವುದಿಲ್ಲ. ಅಧ್ಯಕ್ಷರು ಕ್ಷಮಿಸಬೇಕು.

ಪರಿಚಯ ಮಾಡಿಕೊಟ್ಟವರು ನನ್ನನ್ನು ಮಾಯಾಲೋಕಗಳ ಸೃಷ್ಟಿಕರ್ತೆ ಎಂದರು. ಕೇಳುವುದಕ್ಕೆ ಚೆನ್ನಾಗಿತ್ತು. ಆದರೆ ವಿಡಿಯೋ ಗೇಮಿಗೆ ಬರೆಯುವವಳ ಕೆಲಸವಾದರೂ ಏನು? ರಾಜ, ರಾಣಿ, ಮಂತ್ರದ ಕತ್ತಿ, ಇವೆಲ್ಲ ಮೊದಲ ವಾರದಲ್ಲೇ ಮುಗಿದುಹೋಗುತ್ತವೆ. ಮಿಕ್ಕ ವರ್ಷಗಳೆಲ್ಲ ಬರೆಯುವುದು ಮೀನು ಮಾರುವವಳ ಮಾತು. ಗಿರಾಕಿ ಬಂದರೆ ಏನೆನ್ನುತ್ತಾಳೆ, ಏನೂ ಕೊಳ್ಳದೆ ಮತ್ತೆ ಬಂದರೆ ಏನೆನ್ನುತ್ತಾಳೆ, ಮೂರನೆಯ ಸಲವೂ ಬಂದರೆ ಹೇಗೆ ಉಗಿಯುತ್ತಾಳೆ. ಇದು ಸೃಷ್ಟಿಯೇ? ನನ್ನ ಪ್ರಕಾರ ಇದು ಸಂತೆ.

ಈ ಕಸುಬನ್ನು ನಾನು ಕಲಿತದ್ದು ಯಾವ ಕಾಲೇಜಿನಲ್ಲೂ ಅಲ್ಲ. ನಮ್ಮೂರು ನೊಂತಬುರಿಯ ದೋಣಿಕಟ್ಟೆಯ ಹಿಂದಿನ ಬೌದ್ಧ ವಿಹಾರದ ಪಕ್ಕದಲ್ಲಿ ಲಮಾಯ್ ದೊಡ್ಡಮ್ಮನ ಅಚ್ಚುಕೂಟವಿತ್ತು. ಶವದಹನಕ್ಕೆ ಬಂದವರ ಕೈಗೆ ಕೊಡುವ ನೆನಪಿನ ಪುಸ್ತಕಗಳೇ ಅದರ ಅನ್ನ. ಸತ್ತವರ ಜೀವನಚರಿತ್ರೆ ಬರೆಯುವುದು ನನ್ನ ಪಾಲಿನ ಕೆಲಸ. ಸತ್ತವರೆಲ್ಲ ಬೆಳಗ್ಗೆ ಬೇಗ ಏಳುತ್ತಿದ್ದರು. ಸತ್ತವರೆಲ್ಲ ಭಿಕ್ಷುಗಳಿಗೆ ತಪ್ಪದೆ ಅನ್ನ ನೀಡುತ್ತಿದ್ದರು. ಸತ್ತವರೆಲ್ಲ ಮೃದುಭಾಷಿಗಳು. ಹಾಗಾದರೆ ನಮ್ಮ ಬೀದಿಯ ಜಗಳಗಂಟರೆಲ್ಲ ಎಲ್ಲಿ ಹೋದರು? ಅವರಿಗೆ ಸಾವೇ ಬರುವುದಿಲ್ಲವೇ?

ಒಮ್ಮೆ ಒಬ್ಬನ ಬಗ್ಗೆ ಯಾರನ್ನು ಕೇಳಿದರೂ ಒಂದೇ ಒಂದು ಒಳ್ಳೆಯ ಮಾತು ಹುಟ್ಟಲಿಲ್ಲ. ನಾನು ಪೆನ್ನು ಕಚ್ಚುತ್ತ ಕೂತಿದ್ದೆ. ದೊಡ್ಡಮ್ಮ ತಲೆ ಎತ್ತದೆಯೇ ಹೇಳಿದಳು:

“ಗುಣ ಸಿಗ್ಲಿಲ್ಲ ಅಂದ್ರೆ ಅವನಿಗೆ ಇಷ್ಟವಾದ ಒಂದು ಅಡುಗೆ ಹಾಕು. ಹೊಟ್ಟೆ ಅಂತೂ ಇತ್ತಲ್ಲ.”

ನನ್ನ ಇಡೀ ವೃತ್ತಿ ನಿಂತಿರುವುದು ಆ ಒಂದು ಮಾತಿನ ಮೇಲೆ. ನಾನು ಬರೆದ ‘ಏಳು ಕೆರೆಗಳ ರಾಜ್ಯ’ ಆಟವನ್ನು ನೀವೆಲ್ಲ ಆಡಿದ್ದೀರಿ. ಜೌಗಿನ ರಾಕ್ಷಸಿಯನ್ನು ಕೊಂದರೆ ಅವಳು ಬಿದ್ದ ಜಾಗದಲ್ಲಿ ಚಿನ್ನ ಸಿಗುವುದಿಲ್ಲ, ಒಂದು ನೆನಪಿನ ಪುಸ್ತಕ ಸಿಗುತ್ತದೆ. ಅವಳು ಯಾರ ಮಗಳು, ಮೊದಲ ಊರನ್ನು ನುಂಗಿದ್ದು ಯಾಕೆ, ಕಳಲೆ ಹಾಕಿದ ಮೀನಿನ ಸಾರನ್ನು ಹೇಗೆ ಮಾಡುತ್ತಿದ್ದಳು. ಅದನ್ನು ಓದಿದವರು ಮುಂದಿನ ರಾಕ್ಷಸನಾದ ಅವಳ ತಮ್ಮನ ಮುಂದೆ ಹೋಗಿ ಕತ್ತಿ ಎತ್ತದೆ ನಿಂತುಬಿಟ್ಟರು. ನಮ್ಮ ಕಂಪನಿಯ ಮಾಲೀಕರಾದ ಖುನ್ ವಿಟೂನ್ ಈಗ ಮೊದಲ ಸಾಲಿನಲ್ಲಿ ಕೂತು ನಗುತ್ತಿದ್ದಾರೆ, ಆಗ ನಗಲಿಲ್ಲ. ನಾವು ಆಟ ಮಾರುತ್ತಿದ್ದೇವೋ ತಿಥಿ ಊಟ ಬಡಿಸುತ್ತಿದ್ದೇವೋ ಎಂದು ಕೇಳಿದರು. ಆಮೇಲೆ ನೀವು ಆ ಸಾರನ್ನು ಮನೆಯಲ್ಲಿ ಮಾಡಿ ಫೋಟೋ ಕಳಿಸತೊಡಗಿದಿರಿ. ರಾಕ್ಷಸಿಗಾಗಿ ಅತ್ತೆವು ಎಂದು ಬರೆದಿರಿ. ಅವರೇ ಬಂದು ಮುಂದಿನ ರಾಕ್ಷಸನಿಗೂ ಒಂದು ಅಡುಗೆ ಕೇಳಿದರು.

ನನ್ನ ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮೂರು ತಿಂಗಳ ಹಿಂದೆ ನನ್ನ ತಂದೆ ತೀರಿಕೊಂಡರು. ಅಯ್ಯೋ ಎನ್ನಬೇಡಿ, ನಾನೂ ಎನ್ನಲಿಲ್ಲ. ಹೊಳೆಯ ಪ್ರಯಾಣಿಕರ ದೋಣಿಯಲ್ಲಿ ಹಿಂದೆ ನಿಂತು, ನಡೆಸುವವನಿಗೆ ಸೀಟಿ ಊದಿ ಸೂಚನೆ ಕೊಟ್ಟು, ಕಟ್ಟೆಗೆ ಹಗ್ಗ ಎಸೆಯುತ್ತಿದ್ದ ಮನುಷ್ಯ. ಮನೆಗೆ ಬಂದರೂ ಸೀಟಿ ಬಿಡುತ್ತಿರಲಿಲ್ಲ. ಊದಿದರೆ ಅಮ್ಮನೂ ನಾನೂ ಎದ್ದು ನಿಲ್ಲಬೇಕು. ಒಂದು ದಿನ ನಾನು ಏಳಲಿಲ್ಲ. ಕೈಯ ಕಥೆ ಅಷ್ಟೇ.

ಪದ್ಧತಿಯಂತೆ ಶವವನ್ನು ಪೆಟ್ಟಿಗೆಯಲ್ಲಿ ವಿಹಾರದಲ್ಲೇ ಇಟ್ಟಿದ್ದೇವೆ. ಈ ಭಾನುವಾರ ದಹನ. ಪುಸ್ತಕ ಬರೆಯೆಂದು ಅಮ್ಮ ಮೊದಲ ದಿನದಿಂದ ಹೇಳುತ್ತಲೇ ಇದ್ದಳು, ನಾನು ಕೆಲಸದ ನೆಪ ಹೇಳುತ್ತಲೇ ಇದ್ದೆ. ಹೋದ ವಾರ ಬೆಳ್ಳುಳ್ಳಿ ಬಿಡಿಸುತ್ತ ಕೇಳಿದಳು:

“ಅಲ್ಲ ಕಣೇ, ಊರು ನುಂಗಿದವಳಿಗೆ ಬರೆದೆ. ನಿಮ್ಮಪ್ಪ ಯಾರನ್ನ ನುಂಗಿದ್ದ?”

ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿ, ಪೆನ್ನು ಎತ್ತಿಕೊಂಡೆ.

ಬರೆದೆ. ಬೇಗ ಏಳುತ್ತಿದ್ದರು ಎಂದು ಬರೆಯಲಿಲ್ಲ. ಮಂಜಿನಲ್ಲೂ ಅವರ ಸೀಟಿ ಕೇಳಿ ದೋಣಿ ಕಟ್ಟೆಗೆ ಬಡಿಯದೆ ನಿಲ್ಲುತ್ತಿತ್ತು ಎಂದು ಬರೆದೆ. ಮಗಳ ಕೈ ಮುರಿದರು, ತಾವೇ ಎತ್ತಿಕೊಂಡು ಆಸ್ಪತ್ರೆಗೆ ಓಡಿದರು, ದಾರಿಯುದ್ದಕ್ಕೂ ಬೈಯುತ್ತಿದ್ದರು, ಯಾರನ್ನು ಎಂದು ತಿಳಿಯಲಿಲ್ಲ ಎಂದು ಬರೆದೆ. ಕೊನೆಯ ಪುಟಕ್ಕೆ ಅವರಿಗಿಷ್ಟವಾದ ಸುಟ್ಟ ಬದನೆಕಾಯಿ ಚಟ್ನಿ. ಅಮ್ಮನಿಗೆ ಓದಿ ಹೇಳಿದೆ. ಕೊನೆಯ ಪುಟವನ್ನು ಮತ್ತೊಮ್ಮೆ ಓದಿಸಿದಳು. ಆಮೇಲೆ, “ಉಪ್ಪು ಜಾಸ್ತಿ ಹಾಕಿದೀಯ, ಮಿಕ್ಕಿದ್ದೆಲ್ಲ ಸರಿಯಾಗಿದೆ” ಎಂದಳು.

ಇಷ್ಟು ಪ್ರಶಸ್ತಿ ಬಂದಿದೆ, ಅಂಥ ವಿಮರ್ಶೆ ಬಂದಿಲ್ಲ.

ಈಗ ಅಚ್ಚುಕೂಟ ನಡೆಸುವವನು ದೊಡ್ಡಮ್ಮನ ಮಗ. ಎಷ್ಟು ಪ್ರತಿ ಎಂದು ನಿನ್ನೆ ಫೋನು ಮಾಡಿದ. ನಾನು ಇನ್ನೂರು ಎಂದೆ. ಅಮ್ಮ ಫೋನು ಕಿತ್ತುಕೊಂಡಳು.

“ಎರಡು ಸಾಕಪ್ಪಾ. ನಂದೊಂದು, ಇವಳದೊಂದು. ಆ ಮನುಷ್ಯನಿಗೆ ಇನ್ಯಾರು ಬರ್ತಾರೆ?”

ಮಹನೀಯರೇ, ಮಹಿಳೆಯರೇ, ಊರೂರು ನುಂಗಿದವಳಿಗಾಗಿ ಅತ್ತವರು ನೀವು. ನನ್ನ ತಂದೆ ಕಾಡಿದ್ದು ಇಬ್ಬರನ್ನು ಮಾತ್ರ, ಆ ಇಬ್ಬರೂ ಅಲ್ಲಿರುತ್ತೇವೆ. ಭಾನುವಾರ ಸಂಜೆ ನಾಲ್ಕಕ್ಕೆ, ಕಪ್ಪು ಬಟ್ಟೆಯಲ್ಲಿ, ಬನ್ನಿ. ಅಳಬೇಕೆಂದೇನೂ ಇಲ್ಲ. ಒಂದು ಹೂ ಇಟ್ಟು, ಒಂದು ಪುಸ್ತಕ ತೆಗೆದುಕೊಂಡು ಹೋಗಿ. ಅಚ್ಚುಕೂಟಕ್ಕೆ ಇವತ್ತೇ ಲೆಕ್ಕ ಹೇಳಬೇಕು. ಬರುವವರು ದಯವಿಟ್ಟು ಕೈ ಎತ್ತಿ.

ಇಳಿಸಬೇಡಿ, ಸ್ವಲ್ಪ ಹಾಗೇ ಇರಲಿ. ಹಿಂದಿನ ಸಾಲಿನವರೂ. ನನ್ನ ಕಣ್ಣು ಮಂಜಾಗಿದೆ, ಎಣಿಸಲಾಗುತ್ತಿಲ್ಲ. ಖುನ್ ವಿಟೂನ್, ನೀವೇ ಎಣಿಸಿಕೊಡಿ.

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ನಮಸ್ಕಾರ.